ಫಿಸಿಯೋನೂ ಇದೂ ಒಂದೇನಾ?

ಪ್ರಶ್ನೆ: ಮಗಳು ಸೆಕೆಂಡ್ ಪಿಯು ಸೈನ್ಸ್. ಆಕ್ಯುಪೇಷನಲ್ ಥೆರಪಿ ಓದ್ತೀನಿ ಅಂತಾಳೆ. ಅದೂ ಫಿಸಿಯೋಥೆರಪಿಯೇ ಅಲ್ವಾ ಮೇಡಂ?
– ಓದುಗರೊಬ್ಬರು, ಶಿರಸಿ

ಉತ್ತರ: ಅಲ್ಲ. ಫಿಸಿಯೋದವರು ಕೈಕಾಲಿನ ಬಲ, ಓಡಾಟದ ಕಡೆ ಜಾಸ್ತಿ ಗಮನ ಕೊಡುತ್ತಾರೆ. ಆ ಕೈಯಿಂದ ದಿನದ ಕೆಲಸ ಆಗುತ್ತಾ ಅಂತ ಆಕ್ಯುಪೇಷನಲ್ ಥೆರಪಿಸ್ಟ್‌ಗಳಾದ ನಾವು ನೋಡುತ್ತೇವೆ. ಪಾರ್ಶ್ವವಾಯು ಆದ ಅಜ್ಜ ಅಂಗಿ ತೊಡುವಾಗ ಸೋತ ಕೈಯನ್ನೇ ಮೊದಲು ತೂರಿಸಬೇಕು, ಬಿಚ್ಚುವಾಗ ಅದು ಕೊನೆಗೆ. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟರೆ ಎಷ್ಟೋ ಜನ ತಾವೇ ಉಣ್ಣುತ್ತಾರೆ. ಪೆನ್ಸಿಲ್ ಹಿಡಿಯಲು ಕಷ್ಟಪಡುವ ಮಕ್ಕಳೂ ನಮ್ಮ ಹತ್ತಿರ ಬರುತ್ತಾರೆ.

ಇದರ ಪದವಿ ಕೋರ್ಸ್ ಬಿ.ಒ.ಟಿ.ಗೆ (ಬ್ಯಾಚುಲರ್ ಆಫ್ ಆಕ್ಯುಪೇಷನಲ್ ಥೆರಪಿ) ಪಿಯುನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇಕು. ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆಯಿಂದ 5 ವರ್ಷ. ಮಣಿಪಾಲದಲ್ಲಿ ಈ ಕೋರ್ಸ್ ಇದೆ. ಗಡಿಬಿಡಿ ಸ್ವಭಾವದವರಿಗೆ ಇದು ಒಗ್ಗಲ್ಲ, ನೇರವಾಗಿಯೇ ಹೇಳುತ್ತೇನೆ. ಫೀಸು ಕಟ್ಟುವ ಮೊದಲು ಯಾವುದಾದರೂ ಆಸ್ಪತ್ರೆಯಲ್ಲಿ ಕೇಳಿಕೊಂಡು, ಒಂದು ದಿನ ಕೂತು ಈ ಕೆಲಸ ನೋಡಲಿ.