ಅಂಗಡಿಯವರು ಬರೆದ ಪಂಚಾಂಗ

ಆತ್ಮೀಯರೇ,

ಆಗಸ್ಟಿನಲ್ಲಿ ಬಾಸ್ಟನ್ನಿಗೆ ಬಂದಿಳಿದ ನೀವು, ಅಕ್ಟೋಬರ್ ಮುಗಿಯುವ ಮೊದಲೇ ಅಂಗಡಿಗಳಲ್ಲಿ ಕ್ರಿಸ್‌ಮಸ್ ಮರಗಳು ಎದ್ದುನಿಂತಿರುವುದನ್ನು ಕಂಡು, ಯಾರಿಗೆ ಏನು ಕೊಡಬೇಕು, ಮ್ಯಾನೇಜರರಿಗೂ ಉಡುಗೊರೆ ಒಪ್ಪಿಸಬೇಕೆ, ರಿಯಾಯಿತಿ ಇರುವಾಗಲೇ ಮನೆಗೆ ಬೇಕಾದುದನ್ನೆಲ್ಲ ಕೊಂಡುಬಿಡುವುದು ಜಾಣತನವೆ ಎಂದು ಕೇಳಿದ್ದೀರಿ. ಇಪ್ಪತ್ತೆರಡು ಚಳಿಗಾಲಗಳನ್ನು ಇದೇ ಮ್ಯಾಸಚೂಸೆಟ್ಸ್‌ನಲ್ಲಿ ಕಳೆದವನಾಗಿ ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಇಲ್ಲಿನ ಹಬ್ಬದ ದಿನವನ್ನು ಗೊತ್ತುಮಾಡುವುದರಲ್ಲಿಯೇ ವ್ಯಾಪಾರದ ಕೈಯಿದೆ. ಥ್ಯಾಂಕ್ಸ್‌ಗಿವಿಂಗ್ ಎಂಬ ಕೃತಜ್ಞತೆಯ ಹಬ್ಬ, ಕ್ರಿಸ್‌ಮಸ್ ಖರೀದಿಯ ಭರಾಟೆಗೆ ನಾಂದಿಯಾಗುವಂಥದು, ಹಿಂದೆ ನವೆಂಬರಿನ ಕೊನೆಯ ಗುರುವಾರ ಬರುತ್ತಿತ್ತು. 1939ರಲ್ಲಿ ಆ ಗುರುವಾರ 30ನೆಯ ತಾರೀಖಿಗೆ ಬಿದ್ದು, ಕ್ರಿಸ್‌ಮಸ್ ಖರೀದಿಗೆ ದಿನಗಳು ಸಾಲವೆಂದು ದೊಡ್ಡ ವರ್ತಕರು ಮೊರೆಯಿಟ್ಟಾಗ, ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಹಬ್ಬವನ್ನೇ 23ಕ್ಕೆ ಎಳೆದು ತಂದರು. ಹಲವು ರಾಜ್ಯಗಳು ಒಪ್ಪದೆ ಹಳೆಯ ದಿನವನ್ನೇ ಆಚರಿಸಿದವು. 1941ರಲ್ಲಿ ನಾಲ್ಕನೆಯ ಗುರುವಾರವೆಂದು ಇಲ್ಲಿನ ಸಂಸತ್ತಾದ ಕಾಂಗ್ರೆಸ್ ಶಾಸನ ಮಾಡಬೇಕಾಯಿತು. ನಿಮ್ಮ ಮಗಳು ಶಾಲೆಯಿಂದ ಕಲಿತು ಬರಲಿರುವ ಕ್ರಿಸ್‌ಮಸ್ ಕಥೆಯ ಕೆಂಪು ಮೂಗಿನ ಹಿಮಸಾರಂಗ ರುಡಾಲ್ಫ್ ಹುಟ್ಟಿದ್ದೂ ಅದೇ 1939ರಲ್ಲಿ, ಮಾಂಟ್ಗೊಮೆರಿ ವಾರ್ಡ್ ಎಂಬ ಚಿಲ್ಲರೆ ವ್ಯಾಪಾರದ ಕಂಪನಿಯು ಗಿರಾಕಿಗಳ ಮಕ್ಕಳಿಗೆ ಪುಕ್ಕಟೆಯಾಗಿ ಹಂಚಲೆಂದು ತನ್ನ ನೌಕರನಿಂದ ಬರೆಸಿದ ಪುಸ್ತಿಕೆಯಲ್ಲಿ. ಆ ಹಬ್ಬದ ನಂತರದ ಸೋಮವಾರದ ಆನ್‌ಲೈನ್ ರಿಯಾಯಿತಿ ಮಾರಾಟಕ್ಕೆ ‘ಸೈಬರ್ ಮಂಡೇ’ ಎಂಬುದಂತೂ 2005ರಲ್ಲಿ ಚಿಲ್ಲರೆ ವ್ಯಾಪಾರಿಗಳ ಸಂಘಟನೆಯೇ ಇಟ್ಟ ಹೆಸರು. ಆದ್ದರಿಂದ ಎಲ್ಲರೂ ಕೊಳ್ಳುತ್ತಿರುವಾಗ ನಾವು ಸುಮ್ಮನಿದ್ದರೆ ಊರಿನ ಸಂಪ್ರದಾಯಕ್ಕೆ ತಪ್ಪಿ ನಡೆದಂತಾಗುವುದೇ ಎಂಬ ಅಳುಕು ನಿಮಗೆ ಬೇಡ. ಇದೇ ನೆಲದಲ್ಲಿ 1659ರಿಂದ 1681ರವರೆಗೆ ಕ್ರಿಸ್‌ಮಸ್ ಆಚರಿಸಿದವರಿಗೇ ಐದು ಶಿಲಿಂಗ್ ದಂಡ ವಿಧಿಸುವ ಕಾನೂನಿತ್ತು ಎಂದರೆ ಇಂದು ಯಾರೂ ನಂಬಲಾರರು.

ಮ್ಯಾನೇಜರರ ವಿಷಯದಲ್ಲಿ ನನ್ನ ಉತ್ತರ ಸ್ಪಷ್ಟವಾಗಿದೆ: ಕೊಡಬೇಡಿ. ಮೇಲಿನವರಿಗೆ ಕೆಳಗಿನವರು ಕೊಡುವ ಉಡುಗೊರೆಯಲ್ಲಿ ಪ್ರೀತಿಗಿಂತ ಭಯವೇ ಹೆಚ್ಚು ಎಂಬುದನ್ನು ಅಮೆರಿಕನ್ನರೇ ಬಹಳ ಹಿಂದೆ ಕಂಡುಕೊಂಡಿದ್ದಾರೆ. ಅಂಗಡಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ತಮ್ಮ ಅಲ್ಪ ಸಂಬಳದಲ್ಲಿ ಮೇಲ್ವಿಚಾರಕರಿಗೆ ಕ್ರಿಸ್‌ಮಸ್ ಕಾಣಿಕೆ ಸಲ್ಲಿಸಬೇಕಾಗಿದ್ದ ಒತ್ತಾಯವನ್ನು ವಿರೋಧಿಸಿ 1912ರಲ್ಲಿ ನ್ಯೂಯಾರ್ಕಿನಲ್ಲಿ ನಿರುಪಯುಕ್ತ ಉಡುಗೊರೆಗಳನ್ನು ತಡೆಯುವ ಸಂಘವೊಂದೇ ಹುಟ್ಟಿತ್ತು. ಇಂದಿಗೂ ಅಮೆರಿಕದ ಕೇಂದ್ರ ಸರ್ಕಾರದ ನೌಕರರು ಇಂಥ ಸಂದರ್ಭಗಳಲ್ಲಿ ಮೇಲಧಿಕಾರಿಗೆ ಹತ್ತು ಡಾಲರಿಗಿಂತ ಹೆಚ್ಚಿನ ವಸ್ತುವನ್ನು ಸಾಮಾನ್ಯವಾಗಿ ಕೊಡುವಂತಿಲ್ಲ. ನಿಮ್ಮದು ಖಾಸಗಿ ಕಂಪನಿಯಾದರೂ ಕೈಬರಹದ ಒಂದು ಶುಭಾಶಯ ಪತ್ರ ಸಾಕು. ಅಂಚೆಯವರಿಗೆ ಏನಾದರೂ ಕೊಡುವ ಮನಸ್ಸಿದ್ದರೆ ನಗದನ್ನು ಕೊಡಬೇಡಿ, ಅವರು ಅದನ್ನು ಮುಟ್ಟುವಂತಿಲ್ಲ. ಇಪ್ಪತ್ತು ಡಾಲರಿನೊಳಗಿನ ವಸ್ತುವಾದರೆ ಅಡ್ಡಿಯಿಲ್ಲ. ಶಾಲೆಯಲ್ಲಿ ಹೆತ್ತವರೆಲ್ಲ ಸೇರಿ ಟೀಚರಿಗೆ ಹಣ ಕೂಡಿಸಿದಾಗ ಕೈಲಾದಷ್ಟನ್ನು ಕೊಟ್ಟರಾಯಿತು.

ರಿಯಾಯಿತಿಯ ಕುರಿತು ಮಾತ್ರ ನಾನು ಪೆಟ್ಟು ತಿಂದೇ ಕಲಿತದ್ದು. ಮೊದಲ ನವೆಂಬರಿನಲ್ಲಿ ಒಂದು ದೊಡ್ಡ ಅಂಗಡಿಯವರು ತಮ್ಮದೇ ಕ್ರೆಡಿಟ್ ಕಾರ್ಡನ್ನು ಸ್ಥಳದಲ್ಲಿಯೇ ಮಾಡಿಕೊಟ್ಟು, ಹನ್ನೆರಡು ತಿಂಗಳೊಳಗೆ ಪೂರ್ತಿ ತೀರಿಸಿದರೆ ಬಡ್ಡಿಯೇ ಇಲ್ಲವೆಂದು ಹೇಳಿ ಒಂದು ಟಿವಿಯನ್ನು ಸಾಗಹಾಕಿದರು. ಆ ‘ಪೂರ್ತಿ’ ಎಂಬ ಪದವನ್ನು ನಾನು ಲಘುವಾಗಿ ತೆಗೆದುಕೊಂಡೆ. ಕೊನೆಗೆ ಉಳಿದದ್ದು ನಲವತ್ತು ಡಾಲರ್ ಬಾಕಿ. ಆದರೆ ಬಡ್ಡಿ ಬಿದ್ದದ್ದು ಆ ನಲವತ್ತಕ್ಕಲ್ಲ, ಕೊಂಡ ಮೊದಲ ದಿನದಿಂದ ಲೆಕ್ಕ ಹಾಕಿ ವರ್ಷವಿಡೀ ಇದ್ದ ಸಾಲಕ್ಕೆ. ಇದರಲ್ಲಿ ಮೋಸವೇನೂ ಇರಲಿಲ್ಲ, ಸಣ್ಣಕ್ಷರದಲ್ಲಿ ಎಲ್ಲವೂ ಬರೆದಿತ್ತು. ನಿಮಗೆ ಇಲ್ಲಿ ಇನ್ನೂ ಸಾಲದ ಚರಿತ್ರೆಯೇ, ಅಂದರೆ ಸಾಲ ಪಡೆದು ತೀರಿಸಿದ ದಾಖಲೆಯೇ, ಬೆಳೆದಿಲ್ಲವಾದ್ದರಿಂದ ಇಂಥ ಕಾರ್ಡುಗಳ ಗೊಡವೆ ಬೇಡ. ಮಗುವಿಗೆ ಚಳಿಗಾಲದ ಕೋಟು, ಬೂಟುಗಳನ್ನು ಮಾತ್ರ ರಿಯಾಯಿತಿಗೆ ಕಾಯದೆ ಈಗಲೇ ಕೊಳ್ಳಿ, ಚಳಿ ಕಾಯುವುದಿಲ್ಲ.

ಇನ್ನೊಂದು ವಿಷಯ. ನಮ್ಮ ರಾಜ್ಯದಲ್ಲಿ ಕೆಲವು ದಿನಗಳಲ್ಲಿ ವ್ಯಾಪಾರವನ್ನು ನಿರ್ಬಂಧಿಸುವ ಬ್ಲೂ ಲಾ ಎಂಬ ಹಳೆಯ ಕಟ್ಟಳೆಯಿಂದಾಗಿ ಥ್ಯಾಂಕ್ಸ್‌ಗಿವಿಂಗ್ ದಿನ ಸೂಪರ್ ಮಾರ್ಕೆಟ್ಟುಗಳೂ ಸೇರಿ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಹಾಲು ತರಕಾರಿಗಳನ್ನು ಬುಧವಾರವೇ ತಂದಿಡಿ. ಗುರುವಾರ ಮಧ್ಯಾಹ್ನ ಮೂವರೂ ನಮ್ಮಲ್ಲಿಗೆ ಊಟಕ್ಕೆ ಬನ್ನಿ. ಬರಿಗೈಯಲ್ಲಿ ಬರಲು ಸಂಕೋಚವೆನಿಸಿದರೆ ಮನೆಯಲ್ಲಿ ಹೆಪ್ಪು ಹಾಕಿದ ಮೊಸರು ತನ್ನಿ, ನಮ್ಮದು ಈ ಚಳಿಗೆ ಸರಿಯಾಗಿ ಹೆಪ್ಪಾಗುತ್ತಿಲ್ಲ.