‘ಐ ಆಮ್ ವೆರಿ ಗಿಲ್ಟಿ’: ಚೀನೀ ವಿದ್ಯಾರ್ಥಿಗಳಿಗೆ ಇದರಲ್ಲಿ ತಪ್ಪೇನೆಂದು ಹೇಗೆ ಹೇಳಲಿ?

ಚೀನಾದ ಮಕ್ಕಳಿಗೆ ಆನ್‌ಲೈನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೀರಿ. ಹೋಮ್‌ವರ್ಕ್ ತಡವಾದದ್ದಕ್ಕೆ ಒಬ್ಬಳು ಹೀಗೆ ಬರೆದಿದ್ದಾಳೆ. ನಿಘಂಟು ತೋರಿಸಿದರೂ ಅವಳಿಗೆ ತಪ್ಪು ಕಾಣುತ್ತಿಲ್ಲ ಅಂದಿದ್ದೀರಿ. ಕಾಣುವುದಿಲ್ಲ, ಏಕೆಂದರೆ ಅವಳು ಪ್ರತಿ ಹೆಜ್ಜೆಯನ್ನೂ ಸರಿಯಾಗಿಯೇ ಇಟ್ಟಿದ್ದಾಳೆ.

ಅವಳ ಮನಸ್ಸಿನಲ್ಲಿದ್ದದ್ದು ‘ವೊ ಹನ್ ನೆಯ್‌ಜ್ಯೋ’. ‘ವೊ’ ಅಂದರೆ ನಾನು, ‘ನೆಯ್‌ಜ್ಯೋ’ ಅಂದರೆ ತಪ್ಪು ಮಾಡಿದೆನಲ್ಲ ಎಂದು ಒಳಗೇ ಕೊರೆಯುವುದು. ಮ್ಯಾಂಡರಿನ್‌ನಲ್ಲಿ ಗುಣವಾಚಕದ ಹಿಂದೆ ‘ಆಮ್’, ‘ಈಸ್’ ಬೇಕಿಲ್ಲ, ಆ ಜಾಗದಲ್ಲಿ ‘ಹನ್’ ಕೂರುತ್ತದೆ. ಅದರ ಅರ್ಥ ‘ತುಂಬಾ’, ಆದರೂ ಎಷ್ಟೋ ಸಲ ಅದಕ್ಕೆ ಒತ್ತೇ ಇರುವುದಿಲ್ಲ. ಅವಳು ‘ಹನ್’ಗೆ ‘ವೆರಿ’, ‘ನೆಯ್‌ಜ್ಯೋ’ಗೆ ‘ಗಿಲ್ಟಿ’ ಹಾಕಿದಳು, ಇಂಗ್ಲಿಷಿಗೆ ಬೇಕೆಂದು ‘ಆಮ್’ ಸೇರಿಸಿದಳು. ಆದರೆ ಇಂಗ್ಲಿಷಿನಲ್ಲಿ ‘ಐ ಆಮ್ ಗಿಲ್ಟಿ’ ಅಂದರೆ ‘ಅಪರಾಧ ನನ್ನದೇ’ ಎಂದು. ಹೋಮ್‌ವರ್ಕಿನ ಕ್ಷಮಾಪಣೆ ತಪ್ಪೊಪ್ಪಿಗೆಯಾಗಿಬಿಟ್ಟಿತು.

ಆದ್ದರಿಂದ ಅರ್ಥದಿಂದ ಶುರುಮಾಡಬೇಡಿ, ಕ್ರಿಯಾಪದದಿಂದ ಶುರುಮಾಡಿ. ‘ಗಿಲ್ಟಿ’ಯ ಹಿಂದೆ ‘ಫೀಲ್’ ಇದ್ದರೆ ಮನಸ್ಸು. ‘ಫೈಂಡ್’, ‘ಪ್ಲೀಡ್’ ಇದ್ದರೆ ಕೋರ್ಟು. ಬರೀ ‘ಬೀ’ (ಆಮ್, ಈಸ್, ವಾಸ್) ಇದ್ದರೆ, ತಪ್ಪು ಇವರದೇ ಎಂಬ ತೀರ್ಪು. ಮುಂದಿನ ಪದವೂ ನೆರವಿಗೆ ಬರುತ್ತದೆ: ಮನಸ್ಸಿಗೆ ‘ಅಬೌಟ್’, ತೀರ್ಪಿಗೆ ‘ಆಫ್’. ‘ಶಿ ಫೆಲ್ಟ್ ಗಿಲ್ಟಿ ಅಬೌಟ್ ಲೈಯಿಂಗ್’, ‘ಶಿ ವಾಸ್ ಫೌಂಡ್ ಗಿಲ್ಟಿ ಆಫ್ ಫ್ರಾಡ್’. ‘ಗಿಲ್ಟಿ ಆಫ್’ ಕೋರ್ಟಿನ ಹೊರಗೂ ಓಡಾಡುತ್ತದೆ, ‘ಉತ್ಪ್ರೇಕ್ಷೆ ಮಾಡಿದ್ದಾನೆ’ ಎಂದು ದೂರುವಾಗ. ಆಗಲೂ ಅದು ಆರೋಪವೇ, ಆತ ಪಶ್ಚಾತ್ತಾಪ ಪಡುತ್ತಿದ್ದಾನೆಯೇ ಇಲ್ಲವೇ ಎಂಬುದು ಬೇರೆ ಮಾತು.

ನೆನಪಿಗೆ ಅವರ ಲಿಪಿಯನ್ನೇ ಬಳಸಿ. ಕಾನೂನಿನ ಅರ್ಥಕ್ಕೆ ಚೀನಿಯಲ್ಲಿ ‘ಯೋ ತ್ಸ್ವೆಯ್’ ಅನ್ನುತ್ತಾರೆ, ‘ತ್ಸ್ವೆಯ್ (ಅಪರಾಧ) ಇದೆ’ ಎಂದು. ಆ ಅಕ್ಷರದ ತಲೆಯ ಮೇಲಿರುವುದು ಬಲೆ. ‘ನೆಯ್‌ಜ್ಯೋ’ದಲ್ಲಿ ಮೊದಲ ಅಕ್ಷರ ‘ಒಳಗೆ’, ಎರಡನೆಯದು ಕಾಯಿಲೆಯ ಚೌಕಟ್ಟಿನೊಳಗಿದೆ. ಹೊರಗಿನಿಂದ ಬೀಳುವ ಬಲೆಯೊಂದು, ಒಳಗಿನ ಕಾಯಿಲೆಯೊಂದು. ಬೋರ್ಡಿನ ಮೇಲೆ ಎರಡನ್ನೂ ಅವರ ಕೈಯಲ್ಲೇ ಬರೆಸಿ, ಕೆಳಗೆ ಐದಾರು ಇಂಗ್ಲಿಷ್ ವಾಕ್ಯ ಕೊಟ್ಟು, ಯಾವುದು ಎಲ್ಲಿಗೆ ಸೇರಬೇಕೆಂದು ಕೇಳಿ.

ಈ ‘ತ್ಸ್ವೆಯ್’ ಬಗ್ಗೆ ಎಚ್ಚರ. ಇಂಗ್ಲಿಷಿನ ‘ಕ್ರೈಮ್’, ‘ಸಿನ್’, ‘ಗಿಲ್ಟ್’ ಮೂರಕ್ಕೂ ಅದು ಬರುತ್ತದೆ. ಚೀನೀ ಬೈಬಲ್ಲಿನ ಪಾಪವೂ ‘ತ್ಸ್ವೆಯ್’, ದಂಡಸಂಹಿತೆಯ ಅಪರಾಧವೂ ‘ತ್ಸ್ವೆಯ್’. ನಮಗೆ ಪಾಪ, ಅಪರಾಧ, ತಪ್ಪು ಎಂದು ಬೇರೆಬೇರೆ ಪದಗಳಿವೆ. ಆದರೂ ‘ಗಿಲ್ಟ್ ಫೀಲ್ ಆಗ್ತಿದೆ’ ಎಂದು ಇಂಗ್ಲಿಷನ್ನೇ ಎರವಲು ತಂದು ಮಾತಾಡುತ್ತೇವೆ. ಅದಕ್ಕೇ ಕನ್ನಡದ ಮೇಷ್ಟ್ರ ಕಣ್ಣಿಗೆ ಈ ತೊಡಕು ಬೇಗ ಬೀಳುವುದಿಲ್ಲ.

ದೊಡ್ಡವರು ಕಲಿಯುತ್ತಿದ್ದರೆ ಇನ್ನೆರಡು ಕಡೆ ಜಾರುತ್ತಾರೆ. ಒಂದು, ‘ನಾಟ್ ಗಿಲ್ಟಿ’ಯನ್ನು ‘ಇನೊಸೆಂಟ್’ ಎಂದುಕೊಳ್ಳುವುದು. ‘ನಾಟ್ ಗಿಲ್ಟಿ’ ಅಂದರೆ ಆರೋಪ ಸಾಬೀತಾಗಲಿಲ್ಲ, ಅಷ್ಟೇ. ಕೈ ಶುದ್ಧ ಎಂದಲ್ಲ. ಚೀನಿಯಲ್ಲಿ ‘ವೂ ತ್ಸ್ವೆಯ್’, ಅಂದರೆ ‘ತ್ಸ್ವೆಯ್ ಇಲ್ಲ’, ಎರಡನ್ನೂ ನುಂಗಿಕೊಳ್ಳುತ್ತದೆ. ಅವರದೇ ಕಾನೂನನ್ನು ತೋರಿಸಿದರೆ ಬೇಗ ತಿಳಿಯುತ್ತದೆ: 1996ರಲ್ಲಿ ತಿದ್ದಿದ ಅಲ್ಲಿನ ಕ್ರಿಮಿನಲ್ ಪ್ರಕ್ರಿಯಾ ಕಾನೂನಿನಲ್ಲಿ ‘ಸಾಕ್ಷ್ಯ ಸಾಲದ್ದಕ್ಕೆ ವೂ ತ್ಸ್ವೆಯ್’ ಎಂಬ ತೀರ್ಪಿಗೆ ಪ್ರತ್ಯೇಕ ಜಾಗವಿದೆ. ‘ನಾಟ್ ಗಿಲ್ಟಿ’ಗೆ ಹತ್ತಿರದ ಉದಾಹರಣೆ ಅದೇ. ಕಳಂಕವಿಲ್ಲದವನಿಗೆ ‘ಛಿಂಗ್‌ಬಾಯ್’ ಎಂಬ ಬೇರೆ ಮಾತೇ ಇದೆ, ‘ಇನೊಸೆಂಟ್’ ಅದರ ಪಕ್ಕಕ್ಕೆ ಹೋಗಲಿ.

ಇನ್ನೊಂದು, ಕರಾರು ಮುರಿದ ಕಂಪನಿಯನ್ನು ‘ಗಿಲ್ಟಿ’ ಎನ್ನುವುದು. ಸಿವಿಲ್ ದಾವೆಯಲ್ಲಿ ಬರಬೇಕಾದ್ದು ‘ಲಯಬಲ್’, ಅಂದರೆ ಹೊಣೆಗಾರ. ಇದು ಅವರಿಗೆ ಸುಲಭ, ಏಕೆಂದರೆ ಚೀನೀ ಕಾನೂನು ಭಾಷೆಯಲ್ಲಿ ಸಿವಿಲ್ ಪ್ರತಿವಾದಿ ‘ಬೇಯ್‌ಗಾವ್’, ಕ್ರಿಮಿನಲ್ ಆರೋಪಿ ‘ಬೇಯ್‌ಗಾವ್‌ರೆನ್’. ಇಂಗ್ಲಿಷಿನ ‘ಡಿಫೆಂಡೆಂಟ್’ನಲ್ಲಿ ಈ ಭೇದ ಅಳಿಸಿಹೋಗುತ್ತದೆ. ‘ರೆನ್’ ಸೇರುವ ಕಡೆ ಮಾತ್ರ ‘ಗಿಲ್ಟಿ’ ಎಂದು ಹೇಳಿಕೊಡಿ.

‘ಗಿಲ್ಟಿ ಕಾನ್ಷನ್ಸ್’ಗೆ ಗಾದೆ ಸಾಕು. ‘ತ್ಸ್ವೊ ತ್ಸೇಯ್ ಶಿನ್ ಶ್ಯೂ’, ಅಂದರೆ ಕಳ್ಳತನ ಮಾಡಿದವನ ಎದೆ ಟೊಳ್ಳು. ನಮ್ಮ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಆದರೆ ಗಾದೆಯಲ್ಲಿ ಸಿಕ್ಕಿಬೀಳುವ ಅಳುಕು ಹೆಚ್ಚು, ಇಂಗ್ಲಿಷಿನಲ್ಲಿ ಪಶ್ಚಾತ್ತಾಪವೂ ಬೆರೆತಿರುತ್ತದೆ.

ನಿಮ್ಮ ವಿದ್ಯಾರ್ಥಿನಿಗೆ ‘ಫೀಲ್’ ಹಾಕಿಸಿದರೆ ವ್ಯಾಕರಣ ಸರಿಯಾಗುತ್ತದೆ, ತೂಕ ಸರಿಯಾಗುವುದಿಲ್ಲ. ಒಂದು ದಿನ ತಡವಾದ ಹೋಮ್‌ವರ್ಕಿಗೆ ‘ಗಿಲ್ಟಿ’ ಭಾರ. ‘ಐ ಆಮ್ ಸಾರಿ ಇಟ್ಸ್ ಲೇಟ್’ ಎಂದು ಬರೆಯಲಿ.