ಎಳೆ ಕಿತ್ತಳೆ ಗಿಡದ ಎಲೆ ಮುದುಡುತ್ತಿದೆ, ದಿನಾ ಹಾಕುವ ನೀರು ಇನ್ನೂ ಹೆಚ್ಚಿಸಬೇಕಾ?

ನಮಸ್ಕಾರ. ಕೊಡಗಿನ ಸಿದ್ದಾಪುರದ ಹತ್ತಿರ ಕಾಫಿ ನಡುವೆ ಕಳೆದ ಜೂನ್‌ನಲ್ಲಿ ಕಿತ್ತಳೆ ಕಸಿಗಿಡ ನೆಟ್ಟಿದ್ದೀರಿ. ದಿನಾ ಸಂಜೆ ಬುಡಕ್ಕೆ ಎರಡು ಚೊಂಬು ನೀರು, ಮೇಲೆ ಕಾಂಡಕ್ಕೆ ಒತ್ತಿ ಬತ್ತದ ಹುಲ್ಲು. ಆದರೂ ಫೆಬ್ರವರಿ ಬಂದ ಮೇಲೆ ಎಲೆ ಮುದುಡುತ್ತಿದೆ ಅಂತ ಕೇಳಿದ್ದೀರಿ. ತೋಟ ತೋಟದಲ್ಲಿ ಕಿತ್ತಳೆ ಕಡಿಮೆಯಾಗುತ್ತಿರುವ ಹೊತ್ತಿನಲ್ಲಿ ನೀವು ಹೊಸದಾಗಿ ನೆಟ್ಟಿದ್ದೀರಿ. ಆ ಗಿಡ ಉಳಿಯಲೇಬೇಕು ಅನ್ನುವ ಆಸೆ ನನಗೂ ಇದೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನೀರು ಹೆಚ್ಚಿಸುವ ಮೊದಲು ನಾಳೆ ಬೆಳಿಗ್ಗೆ ಬಿಸಿಲೇರುವುದಕ್ಕೆ ಮುಂಚೆ ಗಿಡದ ಹತ್ತಿರ ಹೋಗಿ. ಮಧ್ಯಾಹ್ನ ದೋಣಿಯಂತೆ ಮಡಚಿಕೊಂಡಿದ್ದ ಎಲೆ ಬೆಳಿಗ್ಗೆ ಬಿಚ್ಚಿಕೊಂಡಿದ್ದರೆ ಅದು ಬಾಯಾರಿಕೆ, ಹೆದರಬೇಕಿಲ್ಲ. ಬೆಳಿಗ್ಗೆಯೂ ಜೋತುಬಿದ್ದಿದ್ದು, ನಾಲ್ಕು ಇಂಚು ಕೆದಕಿದರೆ ಮಣ್ಣು ಹಸಿಯಾಗೇ ಇದ್ದರೆ ನೀರು ಸಾಲದೆ ಆದದ್ದಲ್ಲ, ಬೇರಿಗೆ ಏನೋ ಆಗಿದೆ. ಆಗ ಕಾಂಡದ ಬುಡದ ಹುಲ್ಲು ಸರಿಸಿ, ಮಣ್ಣಿಗೆ ತಾಗುವ ಜಾಗದಲ್ಲಿ ತೊಗಟೆಯನ್ನು ಉಗುರಿನಿಂದ ಒಂದು ಚೂರು ಕೆರೆದು ನೋಡಿ. ಒಳಗೆ ಹಸಿರು ಕಂಡರೆ ಸರಿ. ಕಂದು ಬಣ್ಣ, ಹುಳಿ ವಾಸನೆ ಅಥವಾ ಅಂಟು ಒಸರುವುದು ಕಂಡರೆ ಬುಡಕೊಳೆ ಶುರುವಾಗಿದೆ. ಅದನ್ನು ತರುವ, ಶಿಲೀಂಧ್ರದಂಥ ಫೈಟಾಫ್ತೊರ ರೋಗಾಣುವಿಗೆ ಬೇಕಾದದ್ದು ಸದಾ ಒದ್ದೆಯಾಗಿರುವ ತೊಗಟೆ. ದಿನಾ ಎರಡು ಚೊಂಬು ನೀರು, ಮೇಲೆ ಒತ್ತಿದ ಹುಲ್ಲು, ಎರಡೂ ಸೇರಿ ಅದನ್ನೇ ಮಾಡಿಕೊಡುತ್ತವೆ.

ಈಗ ಲೆಕ್ಕ ನೋಡಿ. ಒಂದು ಮೀಟರ್ ಅಗಲದ ದುಂಡು ಪಾತಿಗೆ 20 ಲೀಟರ್ ಹಾಕಿದರೆ ಸುಮಾರು ಎರಡೂವರೆ ಸೆಂಟಿಮೀಟರ್ ನೀರು ನಿಂತ ಹಾಗೆ. ಅದು ಒಂದು ಅಡಿ ಆಳದವರೆಗೂ ಇಳಿಯುತ್ತದೆ, ಎಳೆ ಗಿಡದ ಬೇರು ಹೆಚ್ಚಾಗಿ ಇರುವುದೂ ಅಲ್ಲೇ. ಅದೇ ಪಾತಿಗೆ ಎರಡು ಲೀಟರ್ ಹರಡಿದರೆ ಎರಡೂವರೆ ಮಿಲಿಮೀಟರ್ ಮಾತ್ರ. ಈಗಿನ ಬಿಸಿಲಿಗೆ ಬರಿ ಒದ್ದೆ ಮಣ್ಣಿನಿಂದ ಅಷ್ಟು ನೀರು ಒಂದೇ ದಿನದಲ್ಲಿ ಆರಿಹೋಗುತ್ತದೆ. ಹಾಗಂತ ಎಲ್ಲವನ್ನೂ ಬುಡಕ್ಕೇ ಸುರಿದರೆ ಕಾಂಡ ನೆನೆಯುತ್ತದೆ, ಆಚೆಯ ಬೇರು ಒಣಗಿಯೇ ಇರುತ್ತದೆ. ದಿನಾ ಹಾಕುವುದನ್ನು ನಿಲ್ಲಿಸಿ. ಐದಾರು ದಿನಕ್ಕೊಮ್ಮೆ, ಬೆಳಿಗ್ಗೆ ಹೊತ್ತು, 20 ಲೀಟರ್ ನಿಧಾನವಾಗಿ ಪಾತಿಯ ತುಂಬ ಹರಡಿ ಹಾಕಿ. ಹೊದಿಕೆ ಚೆನ್ನಾಗಿದ್ದರೆ ಎಂಟು ದಿನವೂ ತಡೆಯುತ್ತದೆ. ದಿನ ಎಣಿಸುವುದಕ್ಕಿಂತ ಬೆರಳಿನಿಂದ ಕೆದಕಿ ನೋಡುವುದೇ ಸರಿ: ಮೂರು ಇಂಚಿನ ಕೆಳಗಿನ ಮಣ್ಣು ಹಿಡಿದರೆ ಉಂಡೆಯಾಗದೆ ಉದುರಿತು ಅಂದರೆ ನೀರಿನ ಸಮಯ.

ಪಾತಿಯನ್ನು ಎರಡು ಸುತ್ತಾಗಿ ಮಾಡಿ. ಕಾಂಡದ ಸುತ್ತ ಅರ್ಧ ಅಡಿ ಮಣ್ಣು ಸ್ವಲ್ಪ ಎತ್ತರವಾಗಿದ್ದು ಹೊರಗೆ ಇಳಿಜಾರಾಗಿರಲಿ, ನೀರು ನಿಲ್ಲುವುದು ಅದರಾಚೆಯ ಸುತ್ತಿನಲ್ಲಿ. ಹಾಗಂತ ಕಸಿಗಂಟನ್ನು ಮಾತ್ರ ಮುಚ್ಚಬೇಡಿ, ಅದು ಮಣ್ಣು, ಹೊದಿಕೆ ಎರಡಕ್ಕೂ ಮೇಲಿರಬೇಕು. ಗಿಡ ಬೆಳೆದ ಹಾಗೆ ಹೊರಗಿನ ಬದುವನ್ನು ಕೊಂಬೆಯ ಅಂಚಿಗಿಂತ ಸ್ವಲ್ಪ ಆಚೆಗೆ ಸರಿಸುತ್ತಾ ಹೋಗಿ. ಡ್ರಿಪ್ ಇದ್ದರೆ ಇನ್ನೂ ಸುಲಭ. ಗಂಟೆಗೆ ನಾಲ್ಕು ಲೀಟರ್ ಬಿಡುವ ಎರಡು ಡ್ರಿಪ್ಪರ್ ಕಾಂಡದಿಂದ ಒಂದೊಂದು ಅಡಿ ದೂರ, ಆಚೆ ಒಂದು ಈಚೆ ಒಂದು ಇಟ್ಟು ಎರಡೂವರೆ ಗಂಟೆ ಬಿಟ್ಟರೆ ಅದೇ 20 ಲೀಟರ್. ಕಾಫಿಗೆ ಹೂ ಬರಿಸಲು ಹಾಕುವ ಸ್ಪ್ರಿಂಕ್ಲರ್ ನೀರೇ ಕಿತ್ತಳೆಗೂ ಆಯಿತು ಅಂತ ಹಲವರು ಬಿಟ್ಟುಬಿಡುತ್ತಾರೆ. ಬೇರು ಆಳಕ್ಕೆ ಇಳಿದು ನಿಂತ ದೊಡ್ಡ ಮರ ತಡೆದೀತು, ನಿನ್ನೆ ಮೊನ್ನೆ ನೆಟ್ಟ ಗಿಡ ತಡೆಯುವುದಿಲ್ಲ.

ಹೊದಿಕೆಗೆ ಹುಲ್ಲು ಒಳ್ಳೆಯದೇ, ಹಾಕಿದ ಜಾಗ ತಪ್ಪು. ಕಾಂಡದಿಂದ ಒಂದು ಗೇಣು ಬಿಟ್ಟು ಪಾತಿಯ ತುಂಬ ಮೂರು ನಾಲ್ಕು ಇಂಚು ದಪ್ಪಕ್ಕೆ ಹರಡಿ. ಮೊದಲು ನೀರು, ಆಮೇಲೆ ಹೊದಿಕೆ. ಒಣ ಮಣ್ಣಿನ ಮೇಲೆ ಮುಚ್ಚಿದರೆ ಮೇಲೆ ಹಾಕಿದ ನೀರನ್ನು ಹುಲ್ಲೇ ಕುಡಿಯುತ್ತದೆ. ಮುಂದಿನ ಸಲ ಮಳೆ ನಿಂತು ಮಣ್ಣಿನಲ್ಲಿ ಇನ್ನೂ ಹಸಿ ಇರುವಾಗಲೇ, ನವೆಂಬರ್ ಕೊನೆಗೆ ಹಾಕಿಬಿಡಿ. ಹಾಲುವಾಣದ ಸೊಪ್ಪು ಬೇಗ ಕರಗಿ ಗೊಬ್ಬರವಾಗುತ್ತದೆ, ಸಿಲ್ವರ್ ಓಕ್ ತರಗೆಲೆ ನಿಧಾನವಾಗಿ ಕರಗುವುದರಿಂದ ಬೇಸಿಗೆಯುದ್ದಕ್ಕೂ ಉಳಿಯುತ್ತದೆ. ಎರಡನ್ನೂ ಬೆರೆಸಿ ಹಾಕುವುದು ನನಗೆ ಇಷ್ಟ. ಕಾಫಿ ಸಿಪ್ಪೆಯಾದರೆ ಚೆನ್ನಾಗಿ ಕೊಳೆತದ್ದು ಮಾತ್ರ. ಹಸಿ ಸಿಪ್ಪೆ ರಾಶಿ ಹಾಕಿದರೆ ಕಾವೇರುತ್ತದೆ, ಎಳೆ ಬೇರಿಗೆ ಆಗುವುದಿಲ್ಲ. ಒಣಗಿದ ಹೊದಿಕೆಗೆ ಗೆದ್ದಲು ಬರುತ್ತದೆ, ಹದಿನೈದು ದಿನಕ್ಕೊಮ್ಮೆ ಎತ್ತಿ ನೋಡಿ.

ನಿಮ್ಮ ಗಿಡಕ್ಕೆ ಬೇಸಿಗೆಗಿಂತ ದೊಡ್ಡ ಗಂಡಾಂತರ ಇರುವುದು ಮಳೆಗಾಲದಲ್ಲಿ. ಮಡಿಕೇರಿ ಕಡೆ ವರ್ಷಕ್ಕೆ 3000 ಮಿ.ಮೀ. ದಾಟುತ್ತದೆ. ನಿಮ್ಮಲ್ಲಿ ಅಷ್ಟಿಲ್ಲದಿದ್ದರೂ ಪಾತಿ ಕೆರೆಯಾಗಲು ಜೂನ್-ಜುಲೈ ಮಳೆ ಧಾರಾಳ ಸಾಕು. ಮೇ ಕೊನೆಯೊಳಗೆ ಇಳಿಜಾರಿನ ಕಡೆ ಬದು ಒಡೆದು ನೀರು ಹೋಗಲು ದಾರಿ ಮಾಡಿ, ಹೊದಿಕೆಯನ್ನು ಕಾಂಡದಿಂದ ಒಂದೂವರೆ ಅಡಿ ಆಚೆಗೆ ಎಳೆದುಬಿಡಿ. ಕಾಳುಮೆಣಸಿಗೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ರೋಗನಾಶಕ ದ್ರಾವಣ) ತಯಾರಿಸುವ ದಿನವೇ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಮುಲಾಮು ಮಾಡಿಕೊಳ್ಳಿ: ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ಒಟ್ಟು 10 ಲೀಟರ್ ನೀರು. ಕೆಲವೇ ಗಿಡ ಇದ್ದರೆ ಅದೇ ಪ್ರಮಾಣದಲ್ಲಿ ಕಡಿಮೆ ಮಾಡಿ. ಬುಡದಿಂದ ಕಸಿಗಂಟಿನ ಮೇಲಿನವರೆಗೂ ಬ್ರಶ್ಶಿನಲ್ಲಿ ಬಳಿಯಿರಿ.

ಇನ್ನೊಂದು ವಿಷಯ. ಎಲೆ ಮುದುಡುವುದರ ಜೊತೆಗೆ ನಡುನರದ ಒಂದು ಪಕ್ಕ ಹಳದಿ, ಇನ್ನೊಂದು ಪಕ್ಕ ಹಸಿರು ಹೀಗೆ ತೇಪೆ ತೇಪೆಯಾಗಿ ಕಂಡರೆ ಗ್ರೀನಿಂಗ್ ರೋಗ ಇರಬಹುದು. ಅದಕ್ಕೆ ನೀರು, ಗೊಬ್ಬರ ಮದ್ದಲ್ಲ. ಅಂಥ ರೆಂಬೆಯ ಎಲೆಗಳನ್ನು ಕವರಿನಲ್ಲಿ ಹಾಕಿಕೊಂಡು ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರಕ್ಕೋ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ ತೋರಿಸಿ.

ಮೊದಲು ತೊಗಟೆ ಕೆರೆದು ನೋಡಿ, ಅದರ ಫೋಟೋ ಇಲ್ಲೇ ಹಾಕಿ. ಕಂದು ಕಂಡರೆ ಆ ಗಿಡಕ್ಕೆ ಸದ್ಯ 20 ಲೀಟರ್ ಹಾಕಬೇಡಿ, ಮಣ್ಣು ಸರಿಸಿ ಬುಡ ಗಾಳಿಗೆ ಬಿಡಿ.